ಗುಂಡೆಸೆತಕ್ಕೆ ಮುಂಚಿನ ಅಳು

ಸರ್ವಮಂಗಳಾ ನಾಲ್ಕು ಕಿಲೋ ತೂಕದ ಕಬ್ಬಿಣದ ಗುಂಡನ್ನು ಹನ್ನೊಂದು ಮೀಟರ್ ಆಚೆಗೆ ಎಸೆಯಬಲ್ಲವಳಾಗಿದ್ದಳು. ಆ ತೋಳಿಗೆ ಮೆಚ್ಚಿಯೇ ಮದರಾಸಿನ ವಿಮಾ ಕಚೇರಿಯೊಂದು ೧೯೭೮ರಲ್ಲಿ ಅವಳಿಗೆ ಗುಮಾಸ್ತೆಯ ಕೆಲಸ ಕೊಟ್ಟಿತು. ಆದರೆ ಕಚೇರಿಗಳ ನಡುವೆ ವರ್ಷಕ್ಕೊಮ್ಮೆ ನಡೆಯುವ ಪಂದ್ಯದ ದಿನ ಹೆಸರು ಕರೆದ ಕೂಡಲೇ ಅವಳಿಗೆ ಅಳು ಬರುತ್ತಿತ್ತು. ಹೆದರಿಕೆಯಲ್ಲ, ದುಃಖವೂ ಅಲ್ಲ. ಎದೆಯೊಳಗೆ ಏನೋ ಉಬ್ಬಿ ಗಂಟಲಿಗೆ ಬಂದು ಕಣ್ಣಿನಿಂದ ಹರಿಯುತ್ತಿತ್ತು. ಕಣ್ಣು ಮಂಜಾಗಿ, ಕಾಲು ವೃತ್ತದ ಗೆರೆ ದಾಟಿ, ಎಸೆತ ಫೌಲ್ ಆಗುತ್ತಿತ್ತು.

ತಂದೆ ಹಾಲಸಿದ್ದಪ್ಪ ರಾಣೆಬೆನ್ನೂರಿನಿಂದ ಬಂದು ಮದರಾಸಿನ ಕೊತ್ವಾಲ್ ಚಾವಡಿ ಮಾರುಕಟ್ಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಸಗಟು ವ್ಯಾಪಾರ ಮಾಡುತ್ತಿದ್ದವರು. ಮಗಳು ಮೈದಾನದಲ್ಲಿ ಅತ್ತ ಸುದ್ದಿ ಅವಳಿಗಿಂತ ಮೊದಲೇ ತ್ರಿಪ್ಲಿಕೇನಿನ ಮನೆ ಸೇರುತ್ತಿತ್ತು. ನೆಂಟರು ವಿಚಾರಿಸಿದರೆ, ಅಂಗಡಿಯ ಘಾಟು ಹುಡುಗಿಯ ಕಣ್ಣಿಗೆ ಹತ್ತಿದೆ ಎಂದುಬಿಡುತ್ತಿದ್ದರು. ಅವಳು ಅಂಗಡಿಗೆ ಕಾಲಿಡದೆ ಆರು ವರ್ಷವಾಗಿತ್ತು.

ಒಮ್ಮೆ ಮಾತ್ರ ಅವಳನ್ನೇ ಮೆತ್ತಗೆ ಕೇಳಿದರು: “ಅಳಾಕ ಏನಾಗೇತವ್ವಾ ನಿನಗ?”

“ಒಣ್ಣುಮಿಲ್ಲಪ್ಪಾ. ತಾನಾಗೇ ಬರ್ತೈತಿ,” ಎಂದಳು, ‘ಏನೂ ಇಲ್ಲ’ ಎನ್ನಲು ತಮಿಳೇ ಮೊದಲು ಬಾಯಿಗೆ ಬರುವ, ಮದರಾಸಿನ ಶಾಲೆಯಲ್ಲಿ ಕಲಿತ ಮಗಳು.

ಕಚೇರಿಯ ಕ್ರೀಡಾ ಕಾರ್ಯದರ್ಶಿ ನಂಜುಂಡಯ್ಯನವರಿಗೆ ಇಂಥ ಉತ್ತರ ಸಾಲುವಂತಿರಲಿಲ್ಲ. ಅಂಬತ್ತೂರಿನಲ್ಲಿ ಬೆಳಗಿನ ಲೋಕಲ್ ರೈಲು ಹಿಡಿಯಲು ಓಡಿದ್ದೇ ಅವರ ಕ್ರೀಡಾ ಅನುಭವ. ಕಚೇರಿಯ ಬನಿಯನ್ ತೊಟ್ಟು ಅತ್ತದ್ದೇಕೆಂದು ಮೂರು ದಿನಗಳೊಳಗೆ ವಿವರಣೆ ಕೊಡುವಂತೆ ಮೆಮೊ ಕಳುಹಿಸಿದರು. ಅಳು ಬಂತು, ತಡೆಯಲಾಗಲಿಲ್ಲ ಎಂದು ಅವಳು ಬರೆದುಕೊಟ್ಟಳು. ವಿವರ ಸಾಲದೆಂದು ಕಡತ ಮೂರು ಮೇಜು ದಾಟಿ ಕಣ್ಣಿನ ವೈದ್ಯರ ಬಳಿಗೆ ಹೋಯಿತು. ಅವರು ಕಣ್ಣು ಬಹಳ ಚೆನ್ನಾಗಿದೆ ಎಂದು ಹೇಳಿ, ಬಂದದ್ದಕ್ಕೆ ಇರಲೆಂದು ಹನಿ ಔಷಧ ಬರೆದರು. ಆ ವರ್ಷ ಅವಳು ಹನಿ ಹಾಕಿಕೊಂಡು ಅತ್ತಳು.

ಆಮೇಲೆ ಬೆಸೆಂಟ್ ನಗರದ ಯೋಗ ಶಿಕ್ಷಕರೊಬ್ಬರ ಸರದಿ. ಭಾವನೆಯೆಂದರೆ ಉಸಿರಿನ ಗಲಾಟೆ, ನೂರು ಉಸಿರು ಎಣಿಸಿದರೆ ಅಡಗುತ್ತದೆ ಎಂದು ಅವರು ಕಲಿಸಿದರು. ೧೯೮೧ರ ಪಂದ್ಯದಲ್ಲಿ ಸರ್ವಮಂಗಳಾ ಗುಂಡನ್ನು ಕುತ್ತಿಗೆಗೆ ಒತ್ತಿ, ಕಣ್ಣು ಮುಚ್ಚಿ ಎಣಿಸತೊಡಗಿದಳು. ಹೆಸರು ಕರೆದ ಮೇಲೆ ಎಸೆಯಲು ಇರುವುದು ಒಂದೂವರೆ ನಿಮಿಷ. ಇಪ್ಪತ್ತೊಂಬತ್ತನೆಯ ಉಸಿರಿಗೆ ಕೆಂಪು ಬಾವುಟ ಮೇಲೆದ್ದಿತು. ಮೂರು ಸರದಿಯೂ ಹಾಗೆಯೇ ಹೋಯಿತು. ಆಟಗಾರ್ತಿ ಈ ಬಾರಿ ಅಳಲಿಲ್ಲ, ಗಣನೀಯ ಪ್ರಗತಿ ಎಂದು ನಂಜುಂಡಯ್ಯ ವರದಿ ಬರೆದರು. ಗುಂಡು ಅವಳ ಕೈ ಬಿಟ್ಟಿರಲಿಲ್ಲ ಎಂಬುದಕ್ಕೆ ಅದರಲ್ಲಿ ಜಾಗ ಸಿಗಲಿಲ್ಲ.

ಅಂದು ಬಟ್ಟೆ ಬದಲಿಸುವ ಕೋಣೆಯಲ್ಲಿ ರೈಲ್ವೆ ತಂಡದ ಗುಂಡೆಸೆತಗಾರ್ತಿ ನಾಗಮಣಿ ಅವಳ ಪಕ್ಕಕ್ಕೆ ಬಂದು ಕೂತರು. ಕೋಲಾರದ ಕಡೆಯವರು, ಎರಡು ಮಕ್ಕಳ ತಾಯಿ; ಐದು ವರ್ಷದಿಂದ ಗೆಲ್ಲುತ್ತಿದ್ದವರು. ಅವರಿಗೆ ಎದೆಯ ಜಾಗದಲ್ಲಿ ಕಲ್ಲಿದೆಯೆಂದೇ ಸರ್ವಮಂಗಳಾ ತಿಳಿದಿದ್ದಳು.

“ನಾನು ಪ್ರತಿ ಸಲ ವಾಂತಿ ಮಾಡ್ತೀನಮ್ಮ, ಹದಿನಾಲ್ಕು ವರ್ಷದಿಂದ,” ಎಂದರು ನಾಗಮಣಿ. “ಮೊದಲು ತಡ್ಕೊಳ್ತಿದ್ದೆ, ಕೈ ನಡುಗೋದು. ಈಗ ಅರ್ಧ ಗಂಟೆ ಮುಂಚೇನೇ ಹೋಗಿ ಮುಗಿಸ್ಕೊಂಡು, ಮುಖ ತೊಳ್ಕೊಂಡು ಬರ್ತೀನಿ. ನೀನೂ ಅತ್ತು ಮುಗಿಸ್ಕೊಂಡು ಬಾ. ಬೇಡ ಅಂದೋರು ಯಾರು?”

ಮರುದಿನದಿಂದಲೇ ಅಭ್ಯಾಸ ಶುರುವಾಯಿತು. ಬೆಳಗ್ಗೆ ಮರೀನಾದ ಮರಳಿನಲ್ಲಿ ಕೂತು, ಮೈಕಿನಲ್ಲಿ ಕರೆಯುವ ಹಾಗೆ ತನ್ನ ಹೆಸರನ್ನು ತಾನೇ ಕೂಗಿಕೊಂಡು, ಅಳು ಬರಿಸಿಕೊಂಡು, ಅತ್ತು ಮುಗಿಸಿ, ಎದ್ದು ಗುಂಡು ಎಸೆಯುವುದು. ಮನೆಯವರು ಯಾರಾದರೂ ಕಡಲಿನಲ್ಲಿ ಮುಳುಗಿಹೋದರೇ ಎಂದು ಪೊಲೀಸನೊಬ್ಬ ಎರಡು ಸಲ ಬಂದು ವಿಚಾರಿಸಿದ.

೧೯೮೨ರ ಪಂದ್ಯಕ್ಕೆ ಮುಂಚೆ ಅವಳು ನೆಹರೂ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ ಕೂತು ಮನಸಾರೆ ಅತ್ತಳು. ಗೋಡೆಯ ಆಚೆ ನಾಗಮಣಿಯ ಕೆಲಸವೂ ನಡೆದಿತ್ತು. ಹೆಸರು ಕರೆದಾಗ ಗಂಟಲಲ್ಲಿ ಸಣ್ಣಗೆ ಏನೋ ಎದ್ದು ಅಲ್ಲೇ ಕೂತಿತು. ವೃತ್ತದ ಗೆರೆ ಅವಳಿಗೆ ಅಷ್ಟು ಸ್ಪಷ್ಟವಾಗಿ ಎಂದೂ ಕಂಡಿರಲಿಲ್ಲ. ಗುಂಡು ಹನ್ನೆರಡು ಮೀಟರ್ ಹತ್ತಿರ ಹೋಗಿ ಬಿತ್ತು. ನಾಗಮಣಿ ಮೊದಲನೆಯವರು, ಅವಳು ಎರಡನೆಯವಳು.

ಕಚೇರಿಯ ಸನ್ಮಾನದಲ್ಲಿ ನಂಜುಂಡಯ್ಯ ತಮ್ಮ ಹಳೆಯ ಮೆಮೊವನ್ನು ಪೂರ್ತಿ ಓದಿ, ಭಾವನೆಯನ್ನು ಗೆದ್ದದ್ದು ಶಿಸ್ತು ಎಂದರು. ಸರ್ವಮಂಗಳಾ ತನ್ನ ಸರದಿ ಬಂದಾಗ, ಅರ್ಧ ಗಂಟೆ ಅತ್ತೆ, ಅದನ್ನು ನಾಗಮಣಿ ಕಲಿಸಿದರು ಎಂದು ಇದ್ದದ್ದನ್ನು ಹೇಳಿ ಕೂತಳು. ಆಟಗಾರ್ತಿಯು ಆಡಳಿತದ ಮಾರ್ಗದರ್ಶನಕ್ಕೆ ಕೃತಜ್ಞತೆ ಸಲ್ಲಿಸಿದರೆಂದು ನಡಾವಳಿಯಲ್ಲಿ ದಾಖಲಾಯಿತು. ಎಲ್ಲ ಆಟಗಾರರಿಗೂ ವರ್ಷಕ್ಕೊಂದು ಮೆಮೊ ಕೊಡಬೇಕೆಂದು ತೀರ್ಮಾನವೂ ಆಯಿತು.

ಅಂದು ಸಂಜೆ ತ್ರಿಪ್ಲಿಕೇನಿನ ಮೆಸ್ಸೊಂದರಲ್ಲಿ ಎರಡನೆಯ ದೋಸೆ ತಿನ್ನುತ್ತ ನಾಗಮಣಿ, ಇನ್ನು ಸಾಕು, ಆಟ ಬಿಡುತ್ತೇನೆ ಎಂದರು.

“ಇನ್ನೊಂದೆರಡು ವರ್ಷ ಆಡ್ರಿ ಅಕ್ಕಾ,” ಎಂದಳು ಸರ್ವಮಂಗಳಾ. “ನಿಮ್ಮನ್ನ ಸೋಲಿಸೇ ಗೆಲ್ಲೂದೈತಿ ನಾನು.”

ನಾಗಮಣಿ ಆಡಿದರು. ಮರುವರ್ಷವೂ ಅವರೇ ಗೆದ್ದರು. ೧೯೮೪ರಲ್ಲಿ ಸರ್ವಮಂಗಳಾ ಎರಡು ಬೆರಳಿನಷ್ಟು ಅಂತರದಲ್ಲಿ ಗೆದ್ದಳು. ಹಾಲಸಿದ್ದಪ್ಪ ಆ ಎರಡು ಬೆರಳನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. ದೀಪಾವಳಿಯ ಹೊತ್ತಿಗೆ ಅದು ಒಂದು ಮೊಳವಾಗಿತ್ತು.