ಜೋಳದ ಚೀಲದಲ್ಲಿ ಅಳೆದ ಪಾಲು

ಮೂಡಲಗಿಯ ಜಿನ್ನಿನ ಅಂಗಳದಲ್ಲಿ ನಮ್ಮಪ್ಪನಿಗೆ ಹೊಡೆದದ್ದು ಒಂದೇ ಒಂದು ಪ್ರಶ್ನೆ ಕೇಳಿದ್ದಕ್ಕೆ. ದೀಪಾವಳಿ ಪಾಡ್ಯದ ದಿನ. ಹತ್ತಿಯಿಂದ ಬೀಜ ಬೇರೆ ಮಾಡುವ ಆ ಕಾರ್ಖಾನೆಗೆ ಹನ್ನೆರಡು ಪಾಲು. ಪಾಲುದಾರರೆಲ್ಲ ಹೊಸ ಪಟಕ ಸುತ್ತಿಕೊಂಡು ಜಮಖಾನೆಯ ಮೇಲೆ ಕೂತು ವರ್ಷದ ಲಾಭ ಹಂಚಿಕೊಳ್ಳುತ್ತಿದ್ದರು. ಅಪ್ಪ ಎದ್ದು ನಿಂತು, "ಸಾವಕಾರ್ರ, ಎಲ್ಲಾ ಹಂಚಿಬಿಟ್ರ ಎಂಜಿನ್ನಿನ ಮರಿ ಎಲ್ಲೈತ್ರಿ?" ಎಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅಪ್ಪ ನಗಲಿಲ್ಲ, ಮತ್ತೆ ಅದನ್ನೇ ಕೇಳಿದ. ಆಗ ಕಂಪನಿ ನಡೆಸುತ್ತಿದ್ದ ಸಾವಕಾರ, "ಏನಲೇ ಕುರಿ ಕಾಯಾಂವ, ಉಂಡ ಮನಿ ಗಳಾ ಎಣಸ್ತಿಯೇನು?" ಎಂದ. ಅವನ ಗುಮಾಸ್ತ ಬಂದು ಅಪ್ಪನ ಕಪಾಳಕ್ಕೆ ಬಾರಿಸಿದ. ಅಪ್ಪನ ಕೋಲು ಗುಮಾಸ್ತನ ಬೆನ್ನಿಗೆ ಬಿತ್ತು, ನಾಲ್ಕು ಜನ ಅಪ್ಪನ ಮೇಲೆ ಬಿದ್ದರು. ಮದುವೆಯಾಗಿ ಹಬ್ಬಕ್ಕೆ ತವರಿಗೆ ಬಂದಿದ್ದ ನಾನು ರೊಟ್ಟಿ ಗಂಟು ಹಿಡಿದು ಬೇವಿನ ಗಿಡದ ಕೆಳಗೆ ಕೂತಿದ್ದೆ. ಗಂಟು ಕೆಳಗಿಟ್ಟು ಒಂದು ಕಲ್ಲೆತ್ತಿ ಒಗೆದೆ. ಗುಮಾಸ್ತನ ಹಣೆ ಒಡೆದು ರಕ್ತ ಅವನ ಹೊಸ ಅಂಗಿಯ ಮೇಲೆ ಇಳಿಯಿತು. ನನಗೆ ಆವತ್ತು ಆದ ಸಂತೋಷವನ್ನು ಈಗಲೂ ಸುಳ್ಳು ಎನ್ನಲಾರೆ.

ನಾವು ಮಸಗುಪ್ಪಿಯ ಕುರುಬರು. ಸ್ವಾತಂತ್ರ್ಯ ಬಂದ ಮರುವರ್ಷ ಅಪ್ಪ ನಲವತ್ತು ಕುರಿ ಮಾರಿ ಐದುನೂರು ರೂಪಾಯಿಗೆ ಆ ಕಂಪನಿಯ ಒಂದು ಪಾಲು ಕೊಂಡಿದ್ದ. ಅವನಿಗೆ ಓದು ಬರುತ್ತಿರಲಿಲ್ಲ, ಆದರೆ ಹಿಂಡಿನ ಲೆಕ್ಕ ಬರುತ್ತಿತ್ತು. ನೂರು ಕುರಿ ಇದ್ದರೆ ವರ್ಷಕ್ಕೆ ಇಪ್ಪತ್ತು ತೋಳಕ್ಕೆ, ಬೇನೆಗೆ, ಮುಪ್ಪಿಗೆ ಹೋಗುತ್ತವೆ. ಹುಟ್ಟಿದ ಮರಿಗಳಲ್ಲಿ ಇಪ್ಪತ್ತನ್ನು ಮೊದಲು ಹಿಂಡಿಗೆ ಬಿಡಬೇಕು. ಹಿಂಡು ಮತ್ತೆ ನೂರಾದ ಮೇಲೆ ಮಿಕ್ಕದ್ದನ್ನು ಮಾರಿದರೆ ಆ ದುಡ್ಡು ನಿನ್ನದು. ಅದಕ್ಕೂ ಮೊದಲು ಒಂದು ಮರಿ ಮಾರಿದರೂ ನೀನು ತಾಯಿಕುರಿಯನ್ನೇ ಕೊಯ್ದು ತಿಂದ ಹಾಗೆ. ಎಂಜಿನ್ನೂ ಮುದಿಯಾಗುತ್ತದೆ, ಅದರ ಚಕ್ರಕ್ಕೆ ಸುತ್ತಿದ ಪಟ್ಟಾ ಹರಿಯುತ್ತದೆ, ಅದಕ್ಕೆಂದು ವರ್ಷಾವರ್ಷ ದುಡ್ಡು ತೆಗೆದಿಡದೆ ಲಾಭ ಎಂದು ಹಂಚುತ್ತೀರಲ್ಲ ಎಂಬುದೇ ಅವನ ತಕರಾರು.

ಇನ್ನೊಂದು ಹಟವೂ ಅವನಿಗಿತ್ತು. ಲಾಭದ ರೂಪಾಯಿ ಕೈಗೆ ಬಂದರೆ ಅವನು ರೂಪಾಯಿ ಎಣಿಸುತ್ತಿರಲಿಲ್ಲ. ಆ ವಾರ ಗೋಕಾಕದ ಸಂತೆಯಲ್ಲಿ ಜೋಳದ ದರ ಕೇಳಿ, ಎಷ್ಟು ಚೀಲ ಬಂತು ಎಂದು ನನಗೆ ಹೇಳುತ್ತಿದ್ದ. ರೈತರ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿದರೆ ಅವರು ಕೊಡುತ್ತಿದ್ದದ್ದು ಜೋಳ, ಅವನಿಗೆ ಗೊತ್ತಿದ್ದ ಕೂಲಿಯೂ ಅದೇ. "ರೂಪಾಯಿ ಇವತ್ತೊಂದು ಮಾತ ಹೇಳತೈತಿ, ನಾಳಿಗೊಂದು. ಹೊಟ್ಟಿ ಮಾತ್ರ ಹೋದ ವರ್ಷದಷ್ಟ ಉಣತೈತಿ, ಮಗಳ" ಎನ್ನುತ್ತಿದ್ದ. ನಾಲ್ಕನೇ ಇಯತ್ತೆ ಕಲಿತಿದ್ದ ನಾನು ಪ್ರತಿ ಪಾಡ್ಯಕ್ಕೆ ಒಂದು ವಹಿಯಲ್ಲಿ ಒಂದು ಸಾಲು ಬರೆಯುತ್ತಿದ್ದೆ. ಒಂದು ವರ್ಷ ನಾಲ್ಕು ಚೀಲ, ಒಂದು ವರ್ಷ ಒಂದೂವರೆ, ಮಳೆ ಹೋದ ವರ್ಷ ಏನೂ ಇಲ್ಲ.

ಪ್ರತಿ ಪಾಡ್ಯಕ್ಕೂ ಅಪ್ಪ ಎಂಜಿನ್ನಿನ ಮರಿ ಎಲ್ಲಿ ಎಂದು ಕೇಳಿದ, ಪ್ರತಿ ಪಾಡ್ಯಕ್ಕೂ ಅವರು ನಕ್ಕರು. ಎರಡು ಸಲ ಕುತ್ತಿಗೆ ಹಿಡಿದು ಹೊರಗೆ ದಬ್ಬಿದರು. ಅವನು ಸತ್ತಾಗ ಪಾಲು ಒಬ್ಬಳೇ ಮಗಳಾದ ನನ್ನ ಹೆಸರಿಗೆ ಬಂತು. ಅಷ್ಟರಲ್ಲಿ ನನಗೆ ಮೂವತ್ತು ದಾಟಿತ್ತು. ಮಕ್ಕಳಿರಲಿಲ್ಲ. ಹುಕ್ಕೇರಿಯಲ್ಲಿ ಗಂಡನ ಏಟು ತಿಂದುಕೊಂಡು ಇದ್ದೆ.

ನನ್ನ ಗಂಡ ಕೆಟ್ಟವನೆಂದರೆ ಕೆಟ್ಟ ಎಂಬ ಮಾತಿಗೇ ಅವಮಾನ. ಸಂಕೇಶ್ವರದಿಂದ ಕೊಲ್ಲಾಪುರಕ್ಕೆ ಬೆಲ್ಲ ಸಾಗಿಸುವ ಲಾರಿ ಕೊಳ್ಳಬೇಕೆಂಬ ಹುಚ್ಚು ಅವನಿಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಆ ಹೊತ್ತಿಗೆ ಸಾವಕಾರ ಎಲ್ಲ ಪಾಲುಗಳನ್ನೂ ತಾನೇ ಕೊಂಡು ಒಬ್ಬನೇ ಒಡೆಯನಾಗಲು ಹೊರಟಿದ್ದ. ಐದುನೂರರ ಪಾಲಿಗೆ ಹದಿನೈದುನೂರು ಕೊಡುತ್ತೇನೆಂದು ಹೇಳಿ ಕಳಿಸಿದ. ಗಂಡ ಕುಣಿದಾಡಿದ. "ಮೂರು ಪಟ್ಟ ಲೇ! ಸಹಿ ಮಾಡು ಸುಮ್ಮನ" ಎಂದ.

ನಾನು ವಹಿ ತೆಗೆದೆ. ಅಪ್ಪ ಕೊಟ್ಟ ಐದುನೂರಕ್ಕೆ ಆಗ ಇಪ್ಪತ್ತೈದು ಚೀಲ ಜೋಳ ಬರುತ್ತಿತ್ತು. ಈಗ ಚೀಲಕ್ಕೆ ಅರವತ್ತೈದು ರೂಪಾಯಿ, ಹದಿನೈದುನೂರಕ್ಕೆ ಇಪ್ಪತ್ಮೂರೇ ಚೀಲ. ಹದಿನೈದು ವರ್ಷದಲ್ಲಿ ಪಾಲು ಕೊಟ್ಟದ್ದು ಮೂವತ್ತೈದು ಚೀಲ. ಇದೇ ರೀತಿ ಇನ್ನು ಇಪ್ಪತ್ತು ವರ್ಷ ನಡೆದರೆ ನಲವತ್ತಾರು. ದೂರದ ವರ್ಷದ ಜೋಳವನ್ನು ಇವತ್ತಿನ ಜೋಳದಷ್ಟು ನಂಬಲಾಗದು, ಅದಕ್ಕೆಂದು ಹತ್ತು ಚೀಲ ಕಳೆದೆ. ಮೂವತ್ತಾರು ಉಳಿಯಿತು. ಎರಡು ಸಾವಿರದ ಮುನ್ನೂರಕ್ಕೂ ಮೇಲೆ ಬಾಳುವ ಪಾಲನ್ನು ಹದಿನೈದುನೂರಕ್ಕೆ ಕೇಳುತ್ತಾನಲ್ಲ ಕಳ್ಳ! ನಾನು ಸಹಿ ಮಾಡುವುದಿಲ್ಲ ಎಂದೆ.

ಆ ಮಧ್ಯಾಹ್ನ ಅವನು ಹೊಡೆದ ಹಾಗೆ ಹಿಂದೆ ಎಂದೂ ಹೊಡೆದಿರಲಿಲ್ಲ. ಕೂದಲು ಹಿಡಿದು ಹೊಸ್ತಿಲಿಗೆ ತಲೆ ಜಜ್ಜಿದ. ಸಹಿ ಬೇಡ, ಹೆಬ್ಬಟ್ಟಾದರೂ ಸಾಕು ಎಂದು ಬೆರಳು ಮುರಿಯುವ ಹಾಗೆ ತಿರುವಿದ. ಒಲೆಯ ಹತ್ತಿರ ಕಬ್ಬಿಣದ ಊದುಗೊಳವಿ ಕೈಗೆ ಸಿಕ್ಕಿತು. ತಿರುಗಿ ಎರಡೂ ಕೈಯಿಂದ ಬೀಸಿದೆ. ಅವನ ಹೆಗಲೆಲುಬು ಲಟಕ್ಕೆಂದದ್ದು ನನಗೇ ಕೇಳಿತು. "ಯವ್ವಾ ಸತ್ನೆಪಾ" ಎಂದು ಹೊಸ್ತಿಲಲ್ಲೇ ಕುಸಿದ. ಅವನನ್ನು ದಾಟಿ, ವಹಿಯನ್ನೂ ಪಾಲಿನ ಕಾಗದವನ್ನೂ ಸೆರಗಿಗೆ ಕಟ್ಟಿಕೊಂಡು ಗೋಕಾಕದ ಬಸ್ಸು ಹತ್ತಿದೆ. ಇನ್ನು ಈ ಮನೆಗೆ ಕಾಲಿಡುವುದಿಲ್ಲ. ಸಾವಕಾರನಿಂದ ಸರಿಯಾದ ದರ ಕೀಳಿಸಿ ಪಾಲು ನಾನೇ ಮಾರುವುದು, ಆ ದುಡ್ಡಿನಲ್ಲಿ ಕುರಿ ಕೊಳ್ಳುವುದು, ಅಪ್ಪನ ಮನೆಯಲ್ಲಿ ಒಬ್ಬಳೇ ಬಾಳುವುದು. ಬಸ್ಸಿನಲ್ಲಿ ಬಾಯೊಳಗಿನ ರಕ್ತ ಉಗುಳುತ್ತ ಇದಿಷ್ಟನ್ನೂ ನಿಶ್ಚಯಿಸಿದೆ.

ಪಾಡ್ಯಕ್ಕೆ ಎರಡು ದಿನ ಇತ್ತು. ಸಾವಕಾರನ ಹತ್ತಿರ ಜಗಳಕ್ಕೆ ಹೋಗುವ ಮೊದಲು ಜಿನ್ ಹೇಗಿದೆ ನೋಡಬೇಕೆಂದು ಹೋದೆ. ಅಲ್ಲಿ ಯಂತ್ರಕ್ಕೆ ಹತ್ತಿ ಹಾಕುವ ಹೆಂಗಸೊಬ್ಬಳಿದ್ದಳು, ನನ್ನ ವಯಸ್ಸಿನವಳು, ಆಗತಾನೆ ಬೌದ್ಧರಾಗಿದ್ದ ಓಣಿಯವಳು. ಅಪ್ಪನಿಗೆ ಬಿದ್ದ ಏಟುಗಳನ್ನು ಕಂಡವಳು. ನನ್ನ ಊದಿದ ಮುಖ ನೋಡಿ ಮೊದಲು ನೀರು ಕೊಟ್ಟಳು. ಆಮೇಲೆ ಒಳಗೆ ಕರೆದುಕೊಂಡು ಹೋದಳು.

"ನೋಡ್ರಿ ಅಕ್ಕಾರ, ಈ ಪಟ್ಟಾ ನಾಕ ಸಲ ಹೊಲದಾರ. ಕೈ ಸಿಗದಂಗ ಮ್ಯಾಲ ಹಾಕಿದ್ದ ಜಾಳಗಿ ಮುರದು ಎರಡ ವರ್ಷಾತು, ಹೊಸಾದು ಹಾಕಿಲ್ಲ. ಎಂಜಿನ್ ಹೆಂಗ ನಡಗತೈತಿ ಕೇಳ್ರಿ. ಒಂದಿನ ಇದು ಯಾರನ್ನರ ತಿಂತೈತಿ."

"ಸಾವಕಾರಗ ಹೇಳಿಲ್ಲೇನು?"

"ನಾವ್ ಹೇಳಿದ್ರ ನಾಳಿಂದ ಬರಬ್ಯಾಡ ಅಂತಾರ. ನೀವು ಪಾಲುದಾರ್ರು. ನಿಮ್ಮ ಮಾತ ಬರಕೊಳ್ಳಬೇಕಾಕ್ಕೈತಿ. ಪಾಡ್ಯದ ದಿನ ಎಲ್ಲಾರ ಮುಂದ ಹೇಳ್ರಿ."

"ಹೇಳತೇನಿ" ಎಂದೆ. ಆಕೆಯ ಕೈ ಮುಟ್ಟಿ ಹೇಳಿದೆ. ಆ ಹೊತ್ತಿಗೆ ಮನಸ್ಸಿನಲ್ಲೂ ಅದೇ ಇತ್ತು, ದೇವರಾಣೆ.

ಮಸಗುಪ್ಪಿಯ ಮನೆಯಲ್ಲಿ ಕೂತು ಮತ್ತೆ ಲೆಕ್ಕ ಹಾಕಿದೆ. ಎಂಜಿನ್, ಪಟ್ಟಾ, ಜಾಳಿಗೆ ಎಲ್ಲ ಹೊಸದು ಬೇಕೆಂದರೆ ಹನ್ನೆರಡು ಸಾವಿರ ಎಂದು ಎಂಜಿನ್ ನೋಡಿಕೊಳ್ಳುವ ಮಿಸ್ತ್ರಿ ಹೇಳಿದ್ದ. ಪಾಲಿಗೆ ಸಾವಿರ, ಅಂದರೆ ಹದಿನೈದು ಚೀಲ. ಮೂವತ್ತಾರರಲ್ಲಿ ಅದು ಹೋದರೆ ಇಪ್ಪತ್ತೊಂದು. ಹೊಸ ಎಂಜಿನ್ನಿಗೂ ಮುಂದೆ ಮರಿ ಬಿಡಬೇಕಲ್ಲ, ವರ್ಷಕ್ಕೆ ಅರ್ಧ ಚೀಲವೆಂದರೂ ಇಪ್ಪತ್ತು ವರ್ಷಕ್ಕೆ ಹತ್ತು. ಉಳಿದದ್ದು ಹನ್ನೊಂದು ಚೀಲ. ಏಳುನೂರು ರೂಪಾಯಿ ಚಿಲ್ಲರೆ. ಹದಿನೈದುನೂರು ಕೊಡುವ ಸಾವಕಾರ ನನಗೆ ಮೋಸ ಮಾಡುತ್ತಿರಲಿಲ್ಲ, ತಾನೇ ಹಳ್ಳಕ್ಕೆ ಬೀಳುತ್ತಿದ್ದ. ಗೋಕಾಕದಲ್ಲಿ ಕೂತ ಅವನು ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು, ಲೆಕ್ಕದ ಪುಸ್ತಕದಲ್ಲಿ ತಾನೇ ಬರೆಸಿದ ಲಾಭವನ್ನು ತಾನೇ ನಂಬಿದ್ದ. ನಾನು ಬಾಯಿ ಬಿಟ್ಟರೆ ದರ ಬೀಳುತ್ತದೆ. ಏಳುನೂರಕ್ಕೆ ಹದಿನೇಳು ಕುರಿ ಬಂದರೆ ಹೆಚ್ಚು, ಅಷ್ಟರಲ್ಲಿ ಒಬ್ಬ ಹೆಂಗಸು ಬದುಕಲಾಗದು. ಮತ್ತೆ ಹುಕ್ಕೇರಿ, ಮತ್ತೆ ಆ ಹೊಸ್ತಿಲು.

ಪಾಡ್ಯದ ದಿನ ಜಮಖಾನೆಯ ತುದಿಯಲ್ಲಿ ಕೂತೆ. ನನ್ನ ಮುಖದ ಬಾವು ಇನ್ನೂ ಇಳಿದಿರಲಿಲ್ಲ. ಆಕೆ ಜಿನ್ನಿನ ಬಾಗಿಲಲ್ಲಿ ತಲೆಗೆಲ್ಲ ಹತ್ತಿ ಅಂಟಿಸಿಕೊಂಡು ನಿಂತಿದ್ದಳು. ಸಾವಕಾರ ನನ್ನನ್ನು ಕೆಣಕಿದ: "ಏನವಾ, ನಿಮ್ಮಪ್ಪ ವರ್ಷಾ ವರ್ಷಾ ಎಂಜಿನ್ನಿನ ಮರಿ ಕೇಳತಿದ್ದ. ನಿಂದೇನರ ಹೇಳೂದೈತೇನು?"

ಎಲ್ಲರೂ ನಕ್ಕರು. ಆಕೆ ನಗಲಿಲ್ಲ, ನನ್ನನ್ನೇ ನೋಡಿದಳು.

"ಏನಿಲ್ಲರಿ" ಎಂದೆ. "ದರಾ ಅಷ್ಟ ಸ್ವಲ್ಪ ಏರಸ್ರಿ."

ಹದಿನೆಂಟುನೂರಕ್ಕೆ ಮುಗಿಯಿತು. ಸಹಿ ಮಾಡಿ ರೂಪಾಯಿ ಎಣಿಸಿಕೊಂಡೆ, ಅದನ್ನೂ ಹೇಳಿಬಿಡುತ್ತೇನೆ. ತಲೆ ಎತ್ತಿ ನೋಡಿದಾಗ ಬಾಗಿಲಲ್ಲಿ ಆಕೆ ಇರಲಿಲ್ಲ, ಒಳಗೆ ಎಂಜಿನ್ ಸುರುವಾಗಿತ್ತು.

ನಲವತ್ತಮೂರು ಕುರಿ ಕೊಂಡೆ. ತಿಂಗಳಾದ ಮೇಲೆ ಗಂಡ ಹೆಗಲಿಗೆ ಪಟ್ಟಿ ಕಟ್ಟಿಕೊಂಡೇ, ಇಬ್ಬರು ತಮ್ಮಂದಿರನ್ನು ಕರೆದುಕೊಂಡು ಮಸಗುಪ್ಪಿಗೆ ಬಂದ. ದುಡ್ಡು ಕೊಡು, ಇಲ್ಲವೇ ಕುರಿ ಹೊಡೆದುಕೊಂಡು ಹೋಗುತ್ತೇವೆ ಎಂದರು. ನಾನು ಕೊಡಲಿ ಹಿಡಿದು ಹಟ್ಟಿಯ ಬಾಗಿಲಿಗೆ ಅಡ್ಡ ನಿಂತೆ. ತಮ್ಮಂದಿರಲ್ಲಿ ಒಬ್ಬ ಮುಂದೆ ಬಂದ, ಕೊಡಲಿಯ ಕಾವು ಅವನ ಬಾಯಿಗೆ ಬಡಿದು ಎರಡು ಹಲ್ಲು ಮಣ್ಣಿಗೆ ಬಿದ್ದವು. "ಭಾಡ್ಯಾಗೋಳ್ರಾ, ಮುಂದಿನ ಏಟ ಕೊಡಲಿ ಬಾಯಿ ಕಡೆಯಿಂದ ಬರತೈತಿ ನೋಡ್ರಿ" ಎಂದು ಕೊಡಲಿಯನ್ನು ತಿರುಗಿಸಿ ಹಿಡಿದೆ. ಓಣಿಯವರು ಕೋಲು ಹಿಡಿದು ಬಂದರು, ಮೂವರೂ ಓಡಿದರು. ಧುಪದಾಳದ ಒಡ್ಡಿನ ತನಕ ಕುರಿ ಮೇಯಿಸಿದೆ, ರೈತರ ಹೊಲದಲ್ಲಿ ನಿಲ್ಲಿಸಿದೆ, ಜೋಳ ಬರತೊಡಗಿತು. ನನ್ನ ಹೆಸರಿಗೆ, ನನ್ನ ಮನೆಗೆ. ಸುಖವಾಗಿದ್ದೆ.

ಹತ್ತಿಯ ಸುಗ್ಗಿ ಜೋರಾಗಿದ್ದಾಗ ಪಟ್ಟಾ ಹರಿಯಿತು. ನಾನು ಮೂಡಲಗಿಯ ಸಂತೆಯಲ್ಲಿದ್ದೆ, ಕೂಗು ಅಲ್ಲಿಗೂ ಕೇಳಿತು. ಓಡಿದೆ. ಹರಿದ ತುದಿ ಹಾವಿನಂತೆ ಬೀಸಿ ಬಂದು, ಯಂತ್ರಕ್ಕೆ ಹತ್ತಿ ಹಾಕುತ್ತಿದ್ದ ಆಕೆಯ ಬಲಗೈಗೆ ಸುತ್ತಿ, ಚಕ್ರದೊಳಗೆ ಎಳೆದುಕೊಂಡಿತ್ತು. ಜಾಳಿಗೆ ಇದ್ದಿದ್ದರೆ ಅದು ಅಲ್ಲೇ ತಡೆಯುತ್ತಿತ್ತು. ಎಂಜಿನ್ ನಿಲ್ಲಿಸುವಷ್ಟರಲ್ಲಿ ಕೈ ಹೋಗಿತ್ತು. ಬಿಳಿ ಹತ್ತಿಯ ರಾಶಿ ಒಂದು ಬದಿಯಿಂದ ಕೆಂಪಾಗುತ್ತ ಹೋಗುತ್ತಿತ್ತು. ಅದೇ ಹತ್ತಿಯನ್ನು ಮುದ್ದೆ ಮಾಡಿ ಗಾಯಕ್ಕೆ ಒತ್ತಿದರು. ನಾನು ಗುಂಪಿನ ಹಿಂದೆ ನಿಂತಿದ್ದೆ, ಮುಂದೆ ಹೋಗುವ ಧೈರ್ಯ ಬರಲಿಲ್ಲ. ಮಿರಜದ ದವಾಖಾನೆಯಲ್ಲಿ ಭುಜದ ಹತ್ತಿರಕ್ಕೆ ಕತ್ತರಿಸಿದರು. ಸಾವಕಾರ ಐವತ್ತು ರೂಪಾಯಿ ಕೊಟ್ಟು, ಎಂಜಿನ್ ಕೆಟ್ಟಿತೆಂದು ಹಣೆ ಬಡಿದುಕೊಂಡು, ಜಿನ್ನಿಗೆ ಬೀಗ ಹಾಕಿದ.

ನಾವು ಹದಿನೈದು ವರ್ಷ ಲಾಭ ಎಂದು ಹಂಚಿಕೊಂಡದ್ದು ಆ ಪಟ್ಟಾದ ದುಡ್ಡು, ಆ ಜಾಳಿಗೆಯ ದುಡ್ಡು. ವಹಿಯಲ್ಲಿ ನನ್ನ ಅಕ್ಷರದಲ್ಲೇ ಇತ್ತು, ವರ್ಷಕ್ಕೆ ಎಷ್ಟು ಚೀಲ ಎಂದು. ಉಳಿದ ಹನ್ನೊಂದು ಪಾಲಿನವರಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗಂಡನಿಗೆ ಬಡಿದದ್ದಕ್ಕೆ, ಮೈದುನನ ಹಲ್ಲು ಮುರಿದದ್ದಕ್ಕೆ ನಾನು ಒಂದು ದಿನವೂ ಮರುಗಿದವಳಲ್ಲ. ಇದು ಮಾತ್ರ ಅನ್ನದ ತುತ್ತಿನಲ್ಲಿ ಕಲ್ಲಾಗಿ ಸಿಗತೊಡಗಿತು.

ಆಕೆ ಮಿರಜದಿಂದ ಬಂದಳೆಂದು ತಿಳಿದ ಮೇಲೂ ಹೋಗಲು ನನಗೆ ಇಪ್ಪತ್ತು ದಿನ ಬೇಕಾಯಿತು. ಬಾಡಿಗೆ ಚಕ್ಕಡಿಯಲ್ಲಿ ಒಂದು ಚೀಲ ಜೋಳ ಹಾಕಿಕೊಂಡು ಒಂದು ಮುಂಜಾನೆ ಆಕೆಯ ಮನೆಗೆ ಹೋದೆ. ಚಕ್ಕಡಿಯವನು ಚೀಲವನ್ನು ಬಾಗಿಲ ಹೊರಗೆ ಇಳಿಸಿ ಹೋದ. ಆಕೆ ಒಳಗಿನ ಕಟ್ಟೆಯ ಮೇಲೆ ಕೂತು ಎಡಗೈಯಿಂದ ಮೆಣಸಿನಕಾಯಿಯ ತೊಟ್ಟು ತೆಗೆಯಲು ಒದ್ದಾಡುತ್ತಿದ್ದಳು. ಸೀರೆಯ ಸೆರಗನ್ನು ಬಲಭುಜದ ಮೇಲೆ ಎಳೆದುಕೊಂಡಿದ್ದಳು. ನಾನು ಎದುರಿಗೆ ಹೋಗಿ ನಿಂತೆ.

"ಪಾಲಿಗೆ ಎಷ್ಟ ಬಂತ್ರಿ ಅಕ್ಕಾರ?" ಎಂದಳು.

"ಹದಿನೆಂಟುನೂರು."

"ಎಂಜಿನ್ನಿಂದು ಹೇಳಿದ್ರ ಎಷ್ಟ ಬರತಿತ್ತು?"

ಸುಳ್ಳು ಹೇಳಬಹುದಿತ್ತು. ಲೆಕ್ಕ ಗೊತ್ತಿದ್ದವಳು ನಾನೊಬ್ಬಳೇ.

"ಏಳುನೂರು" ಎಂದೆ.

ಆಕೆ ಎದ್ದು ಬಂದು ಹೊಡೆದಳು. ಎಡಗೈಗೆ ಹೊಡೆತ ರೂಢಿಯಿರಲಿಲ್ಲ, ಕೆನ್ನೆ ತಪ್ಪಿ ಕಿವಿಯ ಮೇಲೆ ಬಿತ್ತು. ಇನ್ನೊಂದು ಹೊಡೆಯಲು ಹೋಗಿ ತೂಕ ತಪ್ಪಿ ಗೋಡೆಗೆ ಒರಗಿದಳು. ನಾನು ಹಿಡಿದುಕೊಳ್ಳಲು ಹೋದೆ, ನನ್ನ ಕೈಯನ್ನು ಕೊಡವಿದಳು. ಉಸಿರು ತಿರುಗುವ ತನಕ ಹಾಗೆಯೇ ನಿಂತಳು. ಆಮೇಲೆ ಬಾಗಿಲಾಚೆ ನೋಡಿ ಹೇಳಿದಳು:

"ಚೀಲ ಒಳಗ ಇಟ್ಟ ಹೋಗ್ರಿ. ನನಗ ಎತ್ತಾಕ ಬರೂದಿಲ್ಲ."