ಗೊತ್ತಿಲ್ಲಮ್ಮನ ಪಾಲಿನ ಬೀಗ

ಕಿಟಕಿಯ ಗಾಜಿಗೆ ಬಿಳಿ ಬಣ್ಣ ಬಳಿದಿದ್ದಾರೆ. ಹೊರಗೆ ಬೆಳಗಾಗುತ್ತಿರುವುದು ಆ ಬಣ್ಣ ಬೂದಿಯಿಂದ ಹಾಲಿನ ಬಿಳಿಗೆ ತಿರುಗುವುದರಿಂದಷ್ಟೇ ತಿಳಿಯುತ್ತದೆ. ಬಾಗಿಲಲ್ಲಿ ಕಾವಲುಗಾರನ ಕೈಗೆ ಫೋನು ಒಪ್ಪಿಸಿ ಒಳಗೆ ಬಂದ ಹೆಂಗಸು ಕಬ್ಬಿಣದ ಬೀರುವಿನಿಂದ ಹೆಬ್ಬೆರಳು ಗಾತ್ರದ ಒಂದು ಸಾಧನವನ್ನು ತೆಗೆದು ಮೇಜಿನ ಮೇಲಿಡುತ್ತಾರೆ. ಅದು ತಮ್ಮನ್ನು ಗುರುತು ಹಿಡಿಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಲು ಎಡಗೈಯ ಉಂಗುರ ಬೆರಳನ್ನು ಕರವಸ್ತ್ರದಿಂದ ಚೆನ್ನಾಗಿ ಒರೆಸಿ ಅದರ ಮೇಲೆ ಒತ್ತುತ್ತಾರೆ. ಕೆಂಪು ದೀಪ. ಬೆರಳಿಗೆ ಬಾಯಿಂದ ಊದಿ ಮತ್ತೊಮ್ಮೆ ಒತ್ತುತ್ತಾರೆ. ಹಸಿರು.

ಕಾವಲುಗಾರ ಪರೀಕ್ಷೆಯ ದಿನಗಳಲ್ಲಿ ತಪ್ಪದೆ ಕೇಳುವ ಪ್ರಶ್ನೆಯನ್ನು ಬಾಗಿಲಿಂದಲೇ ಕೇಳುತ್ತಾನೆ. "ಅಮ್ಮಾ, ಇವತ್ತು ಗಣಿತ ಕಷ್ಟಾನೋ, ಸುಲಭಾನೋ?"

"ಗೊತ್ತಿಲ್ಲಪ್ಪ."

ಇಬ್ಬರೂ ನಗುತ್ತಾರೆ. ಈ ಕಚೇರಿಯಲ್ಲಿ ಅವರ ನಿಜವಾದ ಹೆಸರು ಉಳಿದಿರುವುದು ಹಾಜರಿ ಪುಸ್ತಕದಲ್ಲಿ ಮಾತ್ರ. ಮಿಕ್ಕಂತೆ ಸಾಹೇಬರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರ ಬಾಯಲ್ಲೂ ಅವರು ಗೊತ್ತಿಲ್ಲಮ್ಮ.

ಮಕ್ಕಳು ಬರೆಯುವ ದೊಡ್ಡ ಪರೀಕ್ಷೆಯ ಪ್ರಶ್ನೆಪತ್ರಿಕೆ ಹೊತ್ತಿಗೆ ಮುಂಚೆ ಯಾರ ಕಣ್ಣಿಗೂ ಬೀಳದಂತೆ ಕಾಯುವ ಐವರಲ್ಲಿ ಅವರೂ ಒಬ್ಬರು. ಪತ್ರಿಕೆ ಈಗ ಕಾಗದದ ಕಟ್ಟಾಗಿ ಎಲ್ಲಿಯೂ ಇರುವುದಿಲ್ಲ. ಯಾರೂ ಓದಲಾಗದ ಗುಪ್ತಲಿಪಿಯಾಗಿ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಅದನ್ನು ಬಿಡಿಸುವ ಕೀಲಿಯನ್ನು ಐದು ಚೂರು ಮಾಡಿ, ಐದು ಬೇರೆ ಬೇರೆ ಊರುಗಳಲ್ಲಿರುವ ಐವರಿಗೆ ಕೊಟ್ಟಿದ್ದಾರೆ. ಮೂರು ಚೂರಾದರೂ ಸೇರಬೇಕು, ಅದೂ ಗೊತ್ತುಮಾಡಿದ ಹೊತ್ತು ಆದ ಮೇಲೆ. ಆಗಲೇ ಬೀಗ ತೆರೆದು, ಪತ್ರಿಕೆ ಪರೀಕ್ಷಾ ಕೇಂದ್ರಗಳಿಗೆ ಹೋಗಿ ಅಲ್ಲೇ ಅಚ್ಚಾಗುತ್ತದೆ. ಯಾರು ಯಾವಾಗ ಚೂರು ಕೊಟ್ಟರು ಎಂಬುದೆಲ್ಲ ಹತ್ತಾರು ಕಚೇರಿಗಳ ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ದಾಖಲಾಗುತ್ತದೆ. ಒಂದು ದಾಖಲೆಯ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿರುವ ಈ ಏರ್ಪಾಡಿಗೆ ಬ್ಲಾಕ್‌ಚೈನ್ ಎಂದು ಹೆಸರು. ಗೊತ್ತಿಲ್ಲಮ್ಮನಿಗೆ ಅದು ಬರೀ ಸರಪಳಿ.

"ಇದ್ರಲ್ಲಿ ರಬ್ಬರ್ ಇಲ್ಲ ನೋಡಿ," ಎನ್ನುತ್ತಾರೆ. "ಇಲ್ಲಿ ಕೂತು ನಾನೇನಾದ್ರೂ ತಿದ್ದೋಕೆ ಹೋದ್ರೆ, ಬೇರೆ ಕಡೆ ಇರೋ ಪ್ರತಿಗಳೆಲ್ಲ ಒಟ್ಟಿಗೆ ಬಾಯಿ ಬಿಡ್ತವೆ. ನಮ್ಮ ಕಚೇರೀಲಿ ಗುಟ್ಟು ಹೇಳೋಕೆ ಜನ ಕಮ್ಮಿ ಇರಲಿಲ್ಲ. ಗುಟ್ಟು ಒಡೆದೋರ ಹೆಸರು ಹೇಳೋಕೆ ಮಾತ್ರ ಒಬ್ಬರೂ ಇರಲಿಲ್ಲ."

ಅವರು ಕೆಲಸಕ್ಕೆ ಸೇರಿದ್ದು ಅರಗಿನ ಕಾಲದಲ್ಲಿ. ಅಚ್ಚಾದ ಪತ್ರಿಕೆಗಳನ್ನು ಬಟ್ಟೆಯ ಚೀಲಕ್ಕೆ ತುಂಬಿ, ದಾರದಿಂದ ಹೊಲಿದು, ಗಂಟಿನ ಮೇಲೆ ಬಿಸಿ ಅರಗು ಸುರಿದು ಹಿತ್ತಾಳೆಯ ಮುದ್ರೆ ಒತ್ತುವುದು ಅವರ ಕೆಲಸ. ಅರಗು ಆರುವ ಮೊದಲು ಅಂಚನ್ನು ಹೆಬ್ಬೆರಳಿನಿಂದ ಸವರಿದರೆ ಮುದ್ರೆ ನೀಟಾಗಿ ಕೂರುತ್ತದೆ ಎಂದು ಯಾರೂ ಹೇಳಿಕೊಡಲಿಲ್ಲ, ತಾವೇ ಕಂಡುಕೊಂಡರು. ಸವರಿ ಸವರಿ ಬಲಗೈ ಹೆಬ್ಬೆರಳಿನ ಗೆರೆಗಳೇ ಅಳಿಸಿಹೋದವು. ಹೊಸ ಸಾಧನ ಬಂದ ದಿನ, ಅಷ್ಟು ವರ್ಷ ಮುದ್ರೆ ಕಾದ ಬೆರಳನ್ನು ಅದು ಗುರುತೇ ಹಿಡಿಯಲಿಲ್ಲ. ಒಂದೊಂದಾಗಿ ಎಲ್ಲ ಬೆರಳೂ ಇಟ್ಟು ನೋಡಿ, ಕೊನೆಗೆ ಒಪ್ಪಿದ್ದು ಎಡಗೈಯ ಉಂಗುರ ಬೆರಳು. "ಕೆಲಸ ಮಾಡಿದ ಬೆರಳು ಬೇಡ, ಸುಮ್ನೆ ಕೂತಿದ್ದ ಬೆರಳು ಬೇಕು ಅಂತು. ಎಲ್ಲಾ ಕಚೇರೀಲೂ ಹಂಗೇ ಅಲ್ವಾ?"

ಅಡ್ಡಹೆಸರು ಬಂದದ್ದು ಮಾತ್ರ ನಗುವಿನಲ್ಲಲ್ಲ. ಅರಗಿನ ಕಾಲದ ಕೊನೆಯ ವರ್ಷ ಒಂದು ಪತ್ರಿಕೆ ಹೊರಬಿತ್ತು. ಚೀಲದ ಮುದ್ರೆ ಒಡೆದಿರಲಿಲ್ಲ. ಹೊಲಿಗೆಯನ್ನು ಪಕ್ಕದಿಂದ ಬಿಚ್ಚಿ ಮತ್ತೆ ಹಾಕಿದ್ದರು. ಮುದ್ರೆ ಒತ್ತಿದವರನ್ನೇ ಮೊದಲು ಕರೆದು ಕೂರಿಸಿದರು. ಯಾರು ತೆಗೆದರು, ಯಾವಾಗ, ಎಷ್ಟು ಜನರಿಗೆ ಕೊಟ್ಟರು ಎಂದು ವಿಚಾರಣೆಯವರು ಇಡೀ ದಿನ ಕೇಳಿದರು. ಎಲ್ಲದಕ್ಕೂ ಅವರದು ಒಂದೇ ಮಾತು. ಗೊತ್ತಿಲ್ಲ. ಸಂಜೆ ಹೊರಗೆ ಬರುವಷ್ಟರಲ್ಲಿ ಯಾರೋ ಹಿಂದಿನಿಂದ ಗೊತ್ತಿಲ್ಲಮ್ಮ ಎಂದು ಕೂಗಿ ನಕ್ಕರು. ತಪ್ಪು ಮಾಡಿದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಹಾಗಾಗಿ ತಪ್ಪು ಮಾಡದವರು ಯಾರೆಂದೂ ತಿಳಿಯಲಿಲ್ಲ.

ಆ ವರ್ಷ ಅವರ ತಂಗಿಯ ದೊಡ್ಡ ಮಗಳು ಅದೇ ಪರೀಕ್ಷೆ ಬರೆದಿದ್ದಳು. ಪರೀಕ್ಷೆ ರದ್ದಾಗಿ, ಮತ್ತೆ ಬರೆಯುವಷ್ಟರಲ್ಲಿ ಹುಡುಗಿ ಜ್ವರ ಬಿದ್ದು, ಅಂಕ ಇಳಿದು, ಬಯಸಿದ ಓದು ಕೈತಪ್ಪಿತು. ಒಂದು ದಿನ ತಂಗಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, ಮುಖ ತಿರುಗಿಸದೆ ಕೇಳಿದಳು. "ನಿಜ ಹೇಳಕ್ಕ. ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ಲ ಅಂದೆ. ಅವಳು ನಲ್ಲಿ ನಿಲ್ಲಿಸಲೇ ಇಲ್ಲ. ವಿಚಾರಣೆಯವರು ನಂಬದೆ ಇದ್ದದ್ದಕ್ಕೆ ನಿದ್ದೆ ಕೆಟ್ಟಿರಲಿಲ್ಲ ನಂಗೆ," ಎನ್ನುತ್ತಾರೆ ಗೊತ್ತಿಲ್ಲಮ್ಮ. ಅಕ್ಕ ತಂಗಿಯರ ನಡುವೆ ಹೋಗಿಬರುವುದು ನಿಲ್ಲಲಿಲ್ಲ, ಮಾತು ನಿಲ್ಲಲಿಲ್ಲ. ಆದರೆ ಆ ಮನೆಯಲ್ಲಿ ಪರೀಕ್ಷೆ ಎಂಬ ಪದ ಬಂದಾಗಲೆಲ್ಲ ಯಾರಾದರೊಬ್ಬರು ಎದ್ದು ಏನಾದರೂ ತರಲು ಒಳಗೆ ಹೋಗುತ್ತಿದ್ದರು.

ಈ ವರ್ಷ ಅದೇ ತಂಗಿಯ ಚಿಕ್ಕ ಮಗಳ ಸರದಿ. ಹಿಂದೆಲ್ಲ ಸ್ವಂತ ಮಕ್ಕಳು ಬರೆಯುವ ವರ್ಷ ಮುದ್ರೆಯ ಕೋಣೆಯವರು ರಜೆ ಹಾಕಬೇಕಿತ್ತು, ತಂಗಿಯ ಮಕ್ಕಳು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆದರೂ ಗೊತ್ತಿಲ್ಲಮ್ಮ ಈ ಸಲ ತಾವಾಗಿಯೇ ಬರೆದುಕೊಟ್ಟು ರಜೆ ಕೇಳಿದರು. ಒಬ್ಬರ ಚೂರಿನಿಂದ ಏನೂ ತೆರೆಯುವುದಿಲ್ಲ, ರಜೆ ಬೇಡ ಎಂದು ಉತ್ತರ ಬಂತು.

ಹೀಗೆ ಅವರು ಇವತ್ತು ಈ ಕೋಣೆಯಲ್ಲಿ ಕೂತಿದ್ದಾರೆ. ಪರದೆಯ ಮೇಲೆ ಐದು ಖಾಲಿ ಚೌಕಗಳಿವೆ. ಚೂರು ಬಂದಂತೆ ಒಂದೊಂದೇ ತುಂಬಬೇಕು. ಅಷ್ಟರಲ್ಲಿ ಸಾಹೇಬರು ಬಾಗಿಲು ತಟ್ಟದೆ ಒಳಗೆ ಬರುತ್ತಾರೆ. ಕೈಯಲ್ಲಿ ಒಂದು ಹಾಳೆ. ಗಣಿತದ ಪತ್ರಿಕೆ ಎಂಬ ಫೋಟೋ ನಸುಕಿನಿಂದ ಊರೆಲ್ಲ ಫೋನಿನಿಂದ ಫೋನಿಗೆ ಹಾರಾಡುತ್ತಿದೆಯಂತೆ. ಅದನ್ನೇ ಅಚ್ಚು ತೆಗೆಸಿಕೊಂಡು ಬಂದಿದ್ದಾರೆ.

ತಮಾಷೆಯೆಂದರೆ, ಅದು ಅಸಲಿಯೋ ನಕಲಿಯೋ ಎಂದು ಹೇಳಬಲ್ಲವರು ಕಚೇರಿಯಲ್ಲಿ ಯಾರೂ ಇಲ್ಲ. ಅಸಲಿಯನ್ನು ಸಾಹೇಬರೂ ನೋಡಿಲ್ಲ, ಅವರ ಮೇಲಿನವರೂ ನೋಡಿಲ್ಲ. ಬೀಗ ತೆರೆಯುವ ತನಕ ಹೋಲಿಸಲು ಏನೂ ಇಲ್ಲ. ಪರೀಕ್ಷೆ ರದ್ದು ಮಾಡಬೇಕೇ, ಕಾಯಬೇಕೇ ಎಂದು ಮೇಲಿನವರು ಸಾಹೇಬರನ್ನು ಕೇಳಿದ್ದಾರೆ. ಸಾಹೇಬರು ಹಾಳೆಯನ್ನು ಮುಂದೆ ಚಾಚುತ್ತಾರೆ.

ಗೊತ್ತಿಲ್ಲಮ್ಮ ಮುಖ ಬೇರೆ ಕಡೆ ತಿರುಗಿಸುತ್ತಾರೆ. "ಕವುಚಿ ಹಾಕಿ ಸರ್. ನಾನು ನೋಡಲ್ಲ. ಅದು ನಿಜವಾಗಿದ್ರೆ ನಂಗೂ ಗೊತ್ತಾದಂಗಾಯ್ತಲ್ಲ."

ಸಾಹೇಬರು ಕವುಚಿ ಹಾಕುತ್ತಾರೆ. ಫ್ಯಾನಿನ ಗಾಳಿಗೆ ಹಾಳೆಯ ಮೂಲೆ ಏಳುತ್ತದೆ. ಗೊತ್ತಿಲ್ಲಮ್ಮ ಮೇಜಿನ ಮೂಲೆಯಲ್ಲಿದ್ದ ಹಳೆಯ ಹಿತ್ತಾಳೆ ಮುದ್ರೆಯನ್ನು ಅದರ ಮೇಲೆ ಇಡುತ್ತಾರೆ. ಈಗ ಅದಕ್ಕೆ ಉಳಿದಿರುವುದು ಇದೊಂದೇ ಕೆಲಸ.

"ನಿಮ್ಮ ತಂಗಿ ಮಗಳು ಬರೀತಿದಾಳಲ್ವಾ?" ಎಂದು ಸಾಹೇಬರು ಹಾಳೆಯನ್ನೇ ನೋಡುತ್ತ ಕೇಳುತ್ತಾರೆ.

"ಹೌದು ಸರ್. ಬರೆದು ಕೊಟ್ಟಿದೀನಿ."

ಗೊತ್ತಿಲ್ಲಮ್ಮ ಪರದೆಯನ್ನು ಸಾಹೇಬರ ಕಡೆಗೆ ತಿರುಗಿಸುತ್ತಾರೆ. ಐದು ಚೌಕಗಳೂ ಖಾಲಿ. ಯಾರೂ ಚೂರು ಕೊಟ್ಟಿಲ್ಲ, ಕೊಡಲು ನೋಡಿಯೂ ಇಲ್ಲ. ನೋಡಿದ್ದರೆ ಅದೂ ದಾಖಲಾಗಿರುತ್ತಿತ್ತು. "ನಮ್ಮ ಕಡೆಯಿಂದ ಹೋಗಿಲ್ಲ. ಪ್ರಶ್ನೆ ಬರೆದೋರ ತಲೆಗೆ ಬೀಗ ಇಲ್ಲ ಸರ್, ಅದನ್ನ ನಾನು ಹೇಳಲಾರೆ. ಆದ್ರೆ ಬೀಗ ಒಡೆದಿಲ್ಲ. ಕಾಯೋಣ."

ಸಾಹೇಬರು ಹೊರಗೆ ಹೋಗಿ ಫೋನಿನಲ್ಲಿ ಅದೇ ಮಾತನ್ನು ಮೇಲಿನವರಿಗೆ ಒಪ್ಪಿಸುತ್ತಾರೆ. ಕಾಯಿರಿ ಎಂದು ಉತ್ತರ ಬರುತ್ತದೆ.

ಕಾಯುವ ಹೊತ್ತಿನಲ್ಲಿ ಗೊತ್ತಿಲ್ಲಮ್ಮ ಬೀರುವಿನ ಬಾಗಿಲು ಹಾಕಿದೆಯೇ ಎಂದು ಎದ್ದು ನೋಡುತ್ತಾರೆ. ಕೂತು, ಮತ್ತೆ ಎದ್ದು ನೋಡುತ್ತಾರೆ. ಫೋಟೋ ಅಸಲಿಯಾಗಿದ್ದರೆ ನಾಳೆ ಜನ ಸರಪಳಿಯನ್ನು ನೋಡುವುದಿಲ್ಲ, ದೊಡ್ಡಮ್ಮ ಯಾರು, ಮಗಳು ಯಾರು ಎಂದು ನೋಡುತ್ತಾರೆ. ಅವರಿಗೆ ಅದು ಗೊತ್ತಿದೆ.

ಹೊತ್ತಾಗುತ್ತದೆ. ಉಂಗುರ ಬೆರಳು ಒತ್ತುತ್ತಾರೆ. ಈ ಬಾರಿ ಮೊದಲ ಒತ್ತಿಗೇ ಹಸಿರು. ಅವರ ಚೌಕ ತುಂಬುತ್ತದೆ, ಇನ್ನೆಲ್ಲಿಂದಲೋ ಎರಡನೆಯದು, ಮೂರನೆಯದು. ಬೀಗ ತೆರೆಯಿತು ಎಂಬ ಸಾಲು ಬೀಳುತ್ತದೆ. ಸಾಹೇಬರು ಮುದ್ರೆಯ ಕೆಳಗಿನ ಹಾಳೆ ಎಳೆದುಕೊಂಡು ಪಕ್ಕದ ಕೋಣೆಗೆ ಧಾವಿಸುತ್ತಾರೆ. ಮರಳಿ ಬಂದಾಗ ಅವರ ನಡಿಗೆ ನಿಧಾನ.

"ಒಂದೂ ಹೊಂದಲ್ಲಮ್ಮ. ಯಾವನೋ ತನ್ನ ಊಹೆಗೆ ನಮ್ಮ ತಲೆಬರಹ ಅಂಟಿಸಿ ಬಿಟ್ಟಿದಾನೆ."

ಗೊತ್ತಿಲ್ಲಮ್ಮ ತಲೆಯಾಡಿಸಿ ಸಾಧನವನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಪ್ರಶ್ನೆಗಳು ಹೇಗಿದ್ದವು ಎಂದು ಕೇಳುವುದಿಲ್ಲ.

ಕಾವಲುಗಾರ ಫೋನು ಹಿಂತಿರುಗಿಸುತ್ತಾನೆ. ತಂಗಿ ಕರೆ ಮಾಡಿದ್ದಾಳೆ, ನಸುಕಿನಲ್ಲಿ, ಫೋಟೋ ಹರಿದಾಡುತ್ತಿದ್ದ ಹೊತ್ತಿಗೇ. ಗೊತ್ತಿಲ್ಲಮ್ಮ ಮೆಟ್ಟಿಲ ತಿರುವಿನಲ್ಲಿ ನಿಂತು ಬಹಳ ಹೊತ್ತು ಆ ಹೆಸರನ್ನೇ ನೋಡುತ್ತಾರೆ. ಆಮೇಲೆ ಕರೆ ಮಾಡುತ್ತಾರೆ. ಪಾಪು ಹೊರಟಳಾ ಎಂದು ಮೊದಲು ಕೇಳುವುದು ಅವರೇ. ಹೊರಟಳು, ಧೈರ್ಯವಾಗಿದ್ದಳು ಎನ್ನುತ್ತಾಳೆ ತಂಗಿ. ಆ ಫೋಟೋ ತಮ್ಮ ಮನೆಗೂ ಬಂದಿತ್ತು, ಮಗಳಿಗೆ ತೋರಿಸದೆ ಅಳಿಸಿಹಾಕಿದೆ ಎಂದೂ ಹೇಳುತ್ತಾಳೆ.

"ಮತ್ತೆ ಅಷ್ಟೊತ್ತಿಗೇ ಯಾಕೆ ಫೋನ್ ಮಾಡಿದ್ದೆ?"

"ಏನಿಲ್ಲಕ್ಕ. ಕತ್ತಲಲ್ಲೇ ಎದ್ದು ಹೋಗ್ತೀಯಲ್ಲ, ತಿಂಡಿ ತಿಂದ್ಯಾ ಅಂತ ಕೇಳೋಣ ಅಂತ."

ಇನ್ನೆರಡು ವರ್ಷಕ್ಕೆ ಗೊತ್ತಿಲ್ಲಮ್ಮನಿಗೆ ನಿವೃತ್ತಿ. ಆಮೇಲೂ ಜನ ಇದೇ ಹೆಸರಿನಿಂದ ಕರೆಯಲಿ ಎಂಬುದು ಅವರ ಆಸೆ. ಒಂದು ಕಾಲಕ್ಕೆ ಅದು ಬೈಗುಳ, ಈಗ ಅದು ತಮ್ಮ ಹುದ್ದೆ ಎನ್ನುತ್ತಾರೆ. ತಂಗಿಗೆ ಏನೆಂದಿರಿ ಎಂದರೆ, ಹೆಬ್ಬೆರಳಿನ ನುಣುಪು ಚರ್ಮವನ್ನು ಸವರಿಕೊಳ್ಳುತ್ತ ನಗುತ್ತಾರೆ.

"ಇಲ್ಲ ಕಣೇ, ಹಸಿವಾಗ್ತಿದೆ ಅಂದೆ. ಆ ಪ್ರಶ್ನೆಗೆ ಉತ್ತರ ಗೊತ್ತಿತ್ತು ನಂಗೆ."