ಹೂಕುಂಡದ ನಾಲ್ಕು ಬೆರಳು

ಲೋಕದಲ್ಲಿ ಕೆಲವರು ಹೆಂಡ ಮುಟ್ಟುವುದಿಲ್ಲ, ಕೆಲವರು ಪರರ ವಸ್ತು ಮುಟ್ಟುವುದಿಲ್ಲ. ನಮ್ಮ ಕಾಪಿರಾಯ ಮೂಲ ಫೋಟೋ ಮುಟ್ಟುವುದಿಲ್ಲ. ಪ್ರಳಯದ ನೀರು ಸ್ಟುಡಿಯೋದ ಮೆಟ್ಟಿಲೇರಿದರೂ ಅವನು ಮೊದಲು ಒಂದು ಕಾಪಿ ಮಾಡಿಟ್ಟು, ಆಮೇಲೆ ಆ ಕಾಪಿಯಲ್ಲೇ ಗಿರಾಕಿಯ ಮೊಡವೆ ಒರೆಸುತ್ತಾನೆಂದು ಬೀದಿಯಲ್ಲೆಲ್ಲ ಪ್ರತೀತಿ. ಹೆಸರು ಬಂದದ್ದೂ ಹಾಗೆಯೇ.

ಒರೆಸಿ ಒರೆಸಿ ಅವನಿಗೆ ಮನುಷ್ಯರ ಮುಖವೆಂದರೇ ಓಕರಿಕೆ. ಕಿಟಕಿಯಿಲ್ಲದ ಕೋಣೆ, ಬೆವರು ಹಿಡಿದ ಮೌಸ್, ಪರದೆ ತುಂಬ ಗುಹೆಯಂಥ ಮೂಗಿನ ಹೊಳ್ಳೆ. ಗಲ್ಲ ಇಳಿಸು, ಬಣ್ಣ ಏರಿಸು ಎಂದು ಕುತ್ತಿಗೆ ಮೇಲೆ ಕೂತು ಮಾಡಿಸಿಕೊಂಡವರೇ ಕೊನೆಗೆ ಸಹಜವಾಗಿ ಕಾಣಲಿ ಅನ್ನುತ್ತಿದ್ದರು. ಊಟಕ್ಕೆ ಕೂತರೆ ತಟ್ಟೆಯಲ್ಲೂ ಯಾರದೋ ಎಣ್ಣೆಮುಖ.

ಅದಕ್ಕಿಂತ ಹೇಸಿಗೆಯೆಂದರೆ ಇಡೀ ಮನುಷ್ಯರನ್ನೇ ಒರೆಸುವುದು. ತಾಯಿ ಬಿಟ್ಟುಹೋದ ಹೊಲಿಗೆ ಯಂತ್ರ ಯಾರಿಗೆಂಬ ಜಗಳದಲ್ಲಿ ತಂಗಿಯೊಡನೆ ಮಾತುಬಿಟ್ಟ ಅವನ ದೊಡ್ಡತ್ತೆ ಒಂದು ದಿನ ಬಂದಳು. ಅಕ್ಕತಂಗಿ ಜೊತೆಯಾಗಿ ನಿಂತ ಒಂದೇ ಒಂದು ಫೋಟೋ ಇತ್ತು, ಇವನೇ ತೆಗೆದದ್ದು. ತಂಗಿಯನ್ನು ಕಿತ್ತುಹಾಕು, ಮೂಲವನ್ನೂ ಅಳಿಸಿಬಿಡು ಎಂದು ಅಪ್ಪಣೆಯಾಯಿತು. ಹೂಂ ಎಂದ ಕಾಪಿರಾಯ, ಮೈಯೆಲ್ಲ ಹುಳು ಹರಿದಂತಾಗಿ, ಬೇಗ ಮುಗಿದರೆ ಸಾಕೆಂದು ಚಿಕ್ಕತ್ತೆಯ ಜಾಗದಲ್ಲೊಂದು ಹೂಕುಂಡ ಕೂರಿಸಿ ಕೈತೊಳೆದುಕೊಂಡ. ದೊಡ್ಡತ್ತೆಯ ಹೆಗಲ ಮೇಲಿದ್ದ ಚಿಕ್ಕತ್ತೆಯ ನಾಲ್ಕು ಬೆರಳು ಹಾಗೇ ಉಳಿದವು. ಯುದ್ಧ ಗೆದ್ದ ಅಮಲಿನಲ್ಲಿದ್ದ ದೊಡ್ಡತ್ತೆಗೆ ಅದು ಕಾಣಲೇ ಇಲ್ಲ. ಚೌಕಟ್ಟು ಹಾಕಿಸಿ ಗೋಡೆಗೇರಿಸಿದಳು.

ಮೊನ್ನೆ ಅವಳು ಆ ಚೌಕಟ್ಟನ್ನು ಚೀಲದಲ್ಲಿ ತುರುಕಿಕೊಂಡು ಏದುಸಿರು ಬಿಡುತ್ತ ಓಡಿಬಂದಳು. ಚಿಕ್ಕತ್ತೆ ಫೋನ್ ಮಾಡಿ ಅತ್ತಿದ್ದಳಂತೆ, ಮರುದಿನವೇ ಮನೆಗೆ ಬರುವವಳಂತೆ.

“ಅವಳು ಮೊದಲು ಕೇಳಿದ್ದೇ ಈ ಫೋಟೋನ ಕಣೋ. ಗೋಡೆ ಮೇಲೇ ಇದೆ ಅಂದ್ಬಿಟ್ಟೆ. ಈ ಕುಂಡ ನೋಡಿದ್ರೆ ಮತ್ತೆ ನಮ್ಮನೆ ಹೊಸ್ತಿಲು ತುಳೀತಾಳಾ? ಗೋಡೆಯಿಂದ ಇಳಿಸ್ವಾಗ ಕಂಡೆ, ಅವಳ ಬೆರಳಿವೆಯಲ್ಲ, ಅದರಿಂದ ಮಿಕ್ಕಿದ್ದನ್ನ ಬೆಳೆಸೋಕಾಗಲ್ವಾ?”

ಕಾಪಿರಾಯ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ತೆರೆದ. ಅಲ್ಲಿ ಚಿಕ್ಕತ್ತೆ ಮೊಡವೆ ಸಮೇತ ಹಲ್ಲುಬಿಟ್ಟು ನಗುತ್ತ ನಿಂತಿದ್ದಳು, ಕೈ ಅಕ್ಕನ ಹೆಗಲ ಮೇಲೆ. ಸ್ಟುಡಿಯೋ ಮಾಲೀಕ ಎದ್ದುಬಂದು, ಇದು ದೂರದೃಷ್ಟಿ, ಇದು ತಪಸ್ಸು ಎಂದು ಹೊಗಳತೊಡಗಿದ. ದೊಡ್ಡತ್ತೆ ಮೂಗೊರೆಸಿಕೊಂಡಳು.

“ಅಳಿಸ್ತೀನಿ ಅಂತ ಸುಳ್ಳು ಹೇಳಿದ್ಯಲ್ಲೋ. ನಾವಿಬ್ರೂ ಒಂದಾಗ್ತೀವಿ ಅಂತ ಆವಾಗ್ಲೇ ಗೊತ್ತಿತ್ತಾ ನಿಂಗೆ?”

“ಇಲ್ಲ ಅತ್ತೆ. ನಿಮ್ಮನ್ನ ಕಿತ್ತುಹಾಕ್ಸೋಕೆ ಚಿಕ್ಕತ್ತೆನೂ ಬರ್ತಾರೆ ಅಂತ ಇಟ್ಕೊಂಡಿದ್ದೆ.”